ಕೂರ್ಮಗಡದ ಹಿಂದೆ ಮೂಕ ನೀರು

ಒಂದು ಮಾರು.
ದೋಣಿಯ ವೈರ್‌ಲೆಸ್ಸಿನ ಅಲೆಗೆ ಅಷ್ಟೇ ಉದ್ದ,
ನಾಲ್ಕು ಬೆರಳು ಹೆಚ್ಚು ಕಡಿಮೆ.
ಹೇಳಿದಾಗ ಬುದವಂತ ತಾಂಡೇಲರು ಬೈತಖೋಲಿನ ಧಕ್ಕೆಯ ಮೇಲೆ
ಎರಡೂ ಕೈ ಚಾಚಿ ನಿಂತರು:
"ಇಷ್ಟೇನಾ ಅಕ್ಕೋರೇ? ಇದರಲ್ಲೇ ನಾವು ಆಳ ಅಳೆಯೋದು."

ಕೂರ್ಮಗಡದ ಬೆನ್ನಿಗೆ ಒಂದು ಮೂಕ ನೀರಿದೆ.
ಅಲ್ಲಿಂದ ಕೂಗಿದ್ದು ಕಾರವಾರಕ್ಕೆ ಕೇಳಿಸುವುದಿಲ್ಲ.
ನಕಾಶೆಯಲ್ಲಿಲ್ಲ, ದೋಣಿಯವರಿಗೆಲ್ಲ ಗೊತ್ತು.
ಅದನ್ನು ಲೆಕ್ಕಕ್ಕೆ ಹಿಡಿಯಲು ಕುಳಿತೆ
ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ,
ಹಳೆಯ ಕಂಪ್ಯೂಟರಿಗೆ ಫ್ಯಾನು ತಿರುಗಿಸಿ, ನಾನು ಬೆವರುತ್ತ.

ಮೊದಲು ಬಲೆ.
ನೀರಿನಿಂದ ಆಕಾಶದವರೆಗೆ ಕಡಲಿನ ಒಂದು ಸೀಳು,
ಚೋಟುದ್ದದ ಕಣ್ಣುಗಳು, ಮಾರಿಗೆ ಹನ್ನೆರಡು.
ಕಣ್ಣು ದೊಡ್ಡದಾದರೆ ಅಲೆ ನುಸುಳಿಹೋಗುತ್ತದೆಂದು
ತಾಂಡೇಲರಿಗೆ ಹೇಳಬೇಕಾಗಲಿಲ್ಲ.
ಕಣ್ಣಿನ ಅಂಚಿಗೆ ವಿದ್ಯುತ್ತು, ನಡುವಿಗೆ ಕಾಂತ.
ಎರಡೂ ಒಂದೇ ಗಳಿಗೆಯಲ್ಲಿ ಇರುವಂತಿಲ್ಲ.
ಒಂದೇ ಒರಳು, ಎರಡು ಒನಕೆ:
ಅವಳದ್ದು ಏಳುವಾಗ ಇವಳದ್ದು ಇಳಿಯಬೇಕು.
ಅರ್ಧ ಹೆಜ್ಜೆ ಅದು, ಅರ್ಧ ಹೆಜ್ಜೆ ಇದು,
ಆಮೇಲೆ ಅಲೆಯನ್ನು ಯಾರೂ ತಳ್ಳುವುದು ಬೇಡ.

ಮೊದಲ ರಾತ್ರಿ ಅವಸರ ಮಾಡಿದೆ.
ಬೆಳಕು ಒಂದು ಕಣ್ಣು ದಾಟುವ ಹೊತ್ತಿಗಿಂತ
ಕೂದಲೆಳೆಯಷ್ಟು ದೊಡ್ಡ ಹೆಜ್ಜೆ ಇಟ್ಟೆ, ಬೆಳಗಿನೊಳಗೆ ಮುಗಿಯಲೆಂದು.
ಮುನ್ನೂರರ ತನಕ ಎಲ್ಲ ಚೆಂದ.
ಮುನ್ನೂರ ಹನ್ನೊಂದಕ್ಕೆ ಒಂದು ಕಣ್ಣು ಮಿಣುಕಿತು,
ಅದರ ಸುತ್ತ ಚದುರಂಗದ ಮನೆ: ಕಪ್ಪು ಬಿಳಿ, ಕಪ್ಪು ಬಿಳಿ.
ಮುನ್ನೂರ ನಲವತ್ತಕ್ಕೆ ಸೂರ್ಯನೂ ನಾಚುವಷ್ಟು ಉರಿ ಅರಬ್ಬೀ ಸಮುದ್ರದಲ್ಲಿ.
ಆಮೇಲೆ ಪರದೆ ತುಂಬ
ಇದು ಸಂಖ್ಯೆಯಲ್ಲ ಇದು ಸಂಖ್ಯೆಯಲ್ಲ ಇದು ಸಂಖ್ಯೆಯಲ್ಲ.

ಹೆಜ್ಜೆ ಅರ್ಧ ಮಾಡಿದೆ.
ನಾಲ್ಕನೆಯ ರಾತ್ರಿ ತಾಂಡೇಲರು ಬಂದು ಸ್ಟೂಲಿನ ಮೇಲೆ ಕುಳಿತರು.
ಮೂಕ ನೀರಲ್ಲಿ ಚುಕ್ಕೆ ಇಟ್ಟೆ, ದೋಣಿಯ ಕಂಬದ ತುದಿ ಅದು.
ಚುಕ್ಕೆ ಬಳೆಯಾಯಿತು, ಬಳೆ ಬಿಲ್ಲಾಯಿತು,
ಗುಡ್ಡಕ್ಕೆ ಬಡಿದು, ನೆತ್ತಿಯಲ್ಲಿ ಬಾಗಿ, ಈಚೆ ಇಳಿಯುವಷ್ಟರಲ್ಲಿ
ಗಂಜಿಯ ತಿಳಿಗಿಂತ ತೆಳ್ಳಗೆ.
ಧಕ್ಕೆಗೆ ಮುಟ್ಟಿದ್ದು ಏನೂ ಇಲ್ಲ ಅನ್ನುವಷ್ಟು.

ಅವರು ನೋಡಿದ್ದು ಧಕ್ಕೆಯನ್ನಲ್ಲ, ಪರದೆಯ ಅಂಚನ್ನು.
"ಇಲ್ಲಿಗೆ ಹೋದದ್ದು ಎಲ್ಲಿಗೆ ಹೋಯ್ತು?"

ಬಲೆಗೆ ಅಂಚಿದೆ, ಕಡಲಿಗಿಲ್ಲ.
ಅಂಚು ಗೋಡೆಯಾದರೆ ಹೋದದ್ದೆಲ್ಲ ಮರಳಿ ಬಡಿದು ಲೆಕ್ಕ ಕದಡುತ್ತದೆ.
ಅದಕ್ಕೇ ಸುತ್ತ ಕೆಸರು ಹಾಕಿದ್ದೇನೆ, ಹತ್ತು ಕಣ್ಣು ದಪ್ಪ,
ಕಾಳಿಯ ಅಳಿವೆಯಲ್ಲಿ ಕಾಂಡ್ಲದ ಬುಡದ ಕೆಸರಿನಂಥದು.
ತೆರೆ ಒಳಹೋಗುವಾಗ ಸದ್ದಿಲ್ಲ. ಹೊರಗೆ ಬರುವುದೂ ಇಲ್ಲ.

ಬೀಡಿಯನ್ನು ಹಚ್ಚದೆ ಬೆರಳಲ್ಲೇ ಉರುಳಿಸಿದರು.
"ರೋಹಿದಾಸ ಕೂಗಿದ್ದ. ಎರಡು ಸಲ.
ನನಗೆ ಬರೀ ಗೊರಗೊರ ಕೇಳಿತು.
ಇದನ್ನ ಹಿಂದಕ್ಕೆ ಓಡಿಸಲಿಕ್ಕೆ ಬರ್ತದಾ?"

ಬರುತ್ತದೆ. ಒನಕೆಯ ಸರದಿ ತಿರುಗಿಸಿದರೆ ಸಾಕು.
ಕೆಸರು ಮಾತ್ರ ನುಂಗಿದ್ದನ್ನು ಕೊಡುವುದಿಲ್ಲ.
ಕೆಸರು ತೆಗೆದು ಗೋಡೆ ಕಟ್ಟಿದೆ, ನೀರನ್ನು ಕನ್ನಡಿ ಮಾಡಿದೆ,
ಮುಂದೆ ಓಡಿಸಿ, ನಿಲ್ಲಿಸಿ, ಹಿಂದೆ ಓಡಿಸಿದೆ.
ಚೂರುಚೂರಾಗಿ ಚೆದುರಿದ್ದೆಲ್ಲ ಎದ್ದು,
ಗುಡ್ಡದ ನೆತ್ತಿ ಮರಳಿ ಹತ್ತಿ, ಬಿಲ್ಲಾಗಿ, ಬಳೆಯಾಗಿ
ಒಂದೇ ಕಣ್ಣಿಗೆ ಬಂದು ನಿಂತಿತು.

"ಅಲ್ಲೇ ಇದ್ದನಾ?"

ಅದು ನಾನಿಟ್ಟ ಚುಕ್ಕೆ, ತಾಂಡೇಲರೇ.
ಮೊದಲ ಹೆಜ್ಜೆಗೆ, ನನ್ನ ಕೈಯಾರೆ.
ಹಾಕದ್ದು ಇದರಲ್ಲಿ ಸಿಗುವುದಿಲ್ಲ.

ಹೊರಗೆ ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ಹೋಯಿತು.
ಅದು ಸೇತುವೆ ದಾಟುವ ತನಕ ಸುಮ್ಮನಿದ್ದು ಕೇಳಿದರು,
ಕಂಬ ಎಷ್ಟು ಎತ್ತರಿಸಿದರೆ ಮೂಕ ನೀರು ಸಣ್ಣದಾದೀತು?
ಅದಕ್ಕೆ ಉತ್ತರವಿತ್ತು. ಎರಡು ಮಾರು.

ಮರುದಿನ ಬಿದಿರಿನುದ್ದಕ್ಕೂ ಕೈ ಚಾಚಿ ಅಳೆದರು,
ಒಂದು, ಎರಡು,
ಮತ್ತೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕಡಿದರು.
ಲೆಕ್ಕ ತಪ್ಪೆಂದಲ್ಲ.
ಉಪ್ಪುನೀರು ಕುಡಿದ ಬಿದಿರು ಸ್ವಲ್ಪ ಬಾಗುತ್ತದಂತೆ.